ಕೊನೆಯಿಂದ ತುಂಬಿದ ಸಾಲು

ನನ್ನ ಗಂಡ ಎಡಚ. ರಸ್ತೆಬದಿಯ ಸ್ಮಾರಕಶಿಲೆಗಳಲ್ಲಿ ಕೊರೆದ ಅಕ್ಷರಗಳಿಗೆ ಬಣ್ಣ ತುಂಬುವುದು ಅವನ ಕೆಲಸ. ಹಸಿ ಬಣ್ಣ ಕೈಗೆ ತಾಗದಿರಲೆಂದು ಪ್ರತಿ ಸಾಲನ್ನೂ ಕೊನೆಯ ಅಕ್ಷರದಿಂದ ತುಂಬುತ್ತ ಬರುತ್ತಿದ್ದ. ಮೊದಲ ಅಕ್ಷರವನ್ನು ಮಾತ್ರ ನನಗೆ ಬಿಡುತ್ತಿದ್ದ.

ಅವನು ತೀರಿಕೊಂಡ ಆರನೇ ತಿಂಗಳಲ್ಲಿ ನಾನೂ ನಾದಿನಿಯೂ ಸೇತುವೆ ಕಟ್ಟಿದವರ ಸ್ಮಾರಕಶಿಲೆಗೆ ಬಣ್ಣ ತುಂಬಲು ಹೋದೆವು. ಸಂಜೆಯೊಳಗೆ ಮುಗಿಸಿದರೆ ಅವನ ಕೆಲಸ ನನಗೇ ಎಂದಿದ್ದರು ಅವನಿಗೆ ಸಂಬಳ ಕೊಡುತ್ತಿದ್ದ ಕಚೇರಿಯವರು. ಅವಳು ಕಲ್ಲು ಒರೆಸುತ್ತಿದ್ದಳು, ನಾನು ತುಂಬುತ್ತಿದ್ದೆ.

“ಅತ್ತಿಗೆ, ಈ ಅಕ್ಷರಕ್ಕೆ ಹೊಟ್ಟೆ ಬಂದಿದೆ!”

“ನಿನಗೆ ಮೀಸೆ ಬಂದಿದೆ, ಮೊದಲು ಅದನ್ನ ಒರೆಸ್ಕೋ.”

ಮರದಡಿ ಊಟ ಮುಗಿಸಿ ಬಂದಾಗ, ಅಂಥ ಬಿಸಿಲಲ್ಲೂ ಕಲ್ಲು ತಣ್ಣಗಿತ್ತು. ನಾವು ಮುಟ್ಟದಿದ್ದ ಕೊನೆಯ ಸಾಲು ತುಂಬಿತ್ತು. ಬಲತುದಿಯಲ್ಲಿ ಬಣ್ಣ ಒಣಗಿತ್ತು, ಎಡಕ್ಕೆ ಬಂದಂತೆ ಹಸಿ. ಮೊದಲ ಅಕ್ಷರ ಖಾಲಿ.

ನಾದಿನಿ ಕಣ್ಣೊರೆಸಿಕೊಂಡು ನಕ್ಕಳು. “ನಮ್ಮಣ್ಣಂಗೆ ನಿಮ್ಮ ಕೈ ಮೇಲೆ ನಂಬಿಕೆನೇ ಇಲ್ಲ ನೋಡಿ!”

“ಒಂದಕ್ಷರದಷ್ಟು ಇದೆಯಲ್ಲ,” ಎಂದೆ. ಆರು ತಿಂಗಳ ಮೇಲೆ ನನಗೂ ನಗು ಬಂತು, ನಿಲ್ಲಲೇ ಇಲ್ಲ. ನಗುತ್ತಲೇ ಅದನ್ನು ತುಂಬಿದೆ.

ಕೆಲಸ ಸಿಕ್ಕಿತು. ನಮ್ಮ ಬಳಿ ಇದ್ದದ್ದು ಒಂದೇ ಡಬ್ಬಿ, ಒಂದೇ ಕುಂಚ. ಊಟದ ಹೊತ್ತಿನಲ್ಲಿ ಅವೆರಡೂ ನನ್ನ ಚೀಲದಲ್ಲಿದ್ದವು, ಚೀಲ ನನ್ನ ಹೆಗಲಲ್ಲಿತ್ತು.