ದೀಪ ಆರದ ಕೊನೆಯ ಅಂಕ

ಪಾರ್ಮಾದ ಆಪೆರಾ ಮಂದಿರದಲ್ಲಿ ತುದಿ ಅಟ್ಟದ ಅಗ್ಗದ ಬೆಂಚಿನವರೆಂದರೆ ಗಾಯಕರಿಗೆ ನಡುಕ. ಅವರಲ್ಲೂ ಎವಾರಿಸ್ತೊನ ಸಿಳ್ಳೆಯೆಂದರೆ ಇನ್ನೂ ಭಯ. ಒಂದು ಸ್ವರ ಜಾರಿದರೂ ಸಿಳ್ಳೆ ಹಾಕಿ ಮೂದಲಿಸದೆ ಬಿಡದ ಆಸಾಮಿ. ಆದರೆ ಪಕ್ಕದಲ್ಲಿ ಕೂರುವ ಲುಚಿಲ್ಲಳ ಎದುರು ಮಾತ್ರ ಅವನ ಬಾಯಿಗೆ ಬೀಗ.

ಎಷ್ಟೋ ವರ್ಷಗಳಿಂದ ಇಬ್ಬರದೂ ಒಂದೇ ಬೆಂಚು. ನಾಯಕಿ ಕೆಮ್ಮಿ ಕೆಮ್ಮಿ ಸಾಯುವ ಈ ಹಳೆಯ ಆಪೆರಾ ಬಂದಾಗಲೆಲ್ಲ, ಕೊನೆಯ ಅಂಕದ ಕತ್ತಲಲ್ಲಿ ಲುಚಿಲ್ಲ ಮಾತಿಲ್ಲದೆ ಕೈ ಚಾಚುತ್ತಿದ್ದಳು. ಅವನು ಕರವಸ್ತ್ರ ಕೊಡುತ್ತಿದ್ದ. ಬೆರಳಿಗೆ ಬೆರಳು ತಾಗುತ್ತಿತ್ತು. ಮುಂದಿನ ಸಲದವರೆಗೆ ಅವನಿಗೆ ಅಷ್ಟೇ ಸಾಕಾಗುತ್ತಿತ್ತು.

ಇವತ್ತು ಅದೇ ಆಪೆರಾದ ಹೊಸ ಪ್ರಯೋಗ. ನಾಳೆ ಲುಚಿಲ್ಲ ದೂರದ ತ್ರಿಯೆಸ್ತೆ ಪಟ್ಟಣಕ್ಕೆ ಹೊರಟಿದ್ದಳು, ಹೆಂಡತಿ ತೀರಿಕೊಂಡ ಒಬ್ಬ ಗಡಿಯಾರದ ವ್ಯಾಪಾರಿಯ ಕೈಹಿಡಿಯಲು. ಈ ಸಲ ಕರವಸ್ತ್ರದ ಜೊತೆ ಅವಳ ಕೈಯನ್ನೂ ಹಿಡಿದು, 'ಹೋಗಬೇಡಿ' ಎನ್ನಬೇಕೆಂದು ಎವಾರಿಸ್ತೊ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

"ಈ ಸಲ ಆದ್ರೂ ಅವಳನ್ನ ಬೇಗ ಸಾಯಿಸ್ತಾರಾ? ನಂಗಿನ್ನೂ ಪೆಟ್ಟಿಗೆ ಕಟ್ಟೋದಿದೆ," ಎಂದು ಲುಚಿಲ್ಲ ಕಣ್ಣಂಚಿನಲ್ಲೇ ನಕ್ಕಳು. ಅವನಿಗೆ ನಗು ಬರಲಿಲ್ಲ.

ಕೊನೆಯ ಅಂಕಕ್ಕೆ ಪರದೆ ಎದ್ದಿತು. ಹೊಸ ನಿರ್ದೇಶಕನ ತಲೆಗೆ ಏನು ಹೊಕ್ಕಿತ್ತೋ, ಸಭಾಂಗಣದ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಸಾಯುವವಳನ್ನು ನೋಡುವವರೂ ಬೆಳಕಿನಲ್ಲೇ ಕೂರಬೇಕಂತೆ. ಅಟ್ಟದಲ್ಲಿ ಸಿಳ್ಳೆ ಶುರುವಾಯಿತು. ಎಲ್ಲರೂ ಎವಾರಿಸ್ತೊನತ್ತ ತಿರುಗಿದರು. ಅವನಿಗೆ ಸಿಳ್ಳೆಯ ನೆನಪೇ ಇರಲಿಲ್ಲ. ಇಷ್ಟು ಬೆಳಕಿನಲ್ಲಿ ಕೈ ಹಿಡಿಯುವುದು ಹೇಗೆಂಬ ಸಂಕಟದಲ್ಲಿದ್ದ.

ಲುಚಿಲ್ಲ ಎಂದಿನಂತೆ ಕೈ ಚಾಚಿದಳು. ಅವನು ತಿರುಗಿ ನೋಡಿದ. ಅವಳ ಕಣ್ಣು ರಂಗದ ಮೇಲಿರಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು. ತೊಡೆಯ ಮೇಲೆ ಬಾಯಿ ತೆರೆದಿದ್ದ ಚೀಲದಲ್ಲಿ ಅವಳದೇ ಕರವಸ್ತ್ರವಿತ್ತು, ಇಸ್ತ್ರಿ ಮಾಡಿ ಮಡಿಸಿದ್ದು.

"ನಿಮ್ಮ ಹತ್ರಾನೇ ಇದೆಯಲ್ಲ," ಎಂದ.

"ಯಾವಾಗ್ಲೂ ಇರ್ತಿತ್ತು."

ಮತ್ತೆ ನನ್ನದೇಕೆ ಎಂದು ಕೇಳಹೊರಟವನು ಅರ್ಧಕ್ಕೇ ನಿಂತ. ಇಷ್ಟು ವರ್ಷ ಅವಳು ಕೈ ಚಾಚಿದ್ದು ಕರವಸ್ತ್ರಕ್ಕಾಗಿ ಅಲ್ಲ.

"ಹೋಗ್ಬೇಡಿ, ಲುಚಿಲ್ಲ."

"ಅವರಿಗೆ ಮಾತು ಕೊಟ್ಟಿದೀನಿ. ಒಳ್ಳೆಯವರು. ಬಾಯಿಬಿಟ್ಟು ಕೇಳಿದ್ರು." ಅವಳ ದನಿಯಲ್ಲಿ ಮುನಿಸಿರಲಿಲ್ಲ. "ನೀವು ಕೇಳ್ತೀರ ಅಂತ ತುಂಬಾ ಕಾದೆ, ಎವಾರಿಸ್ತೊ."

ಕೆಳಗೆ ನಾಯಕಿ ಸತ್ತಳು. ಅಟ್ಟವಿಡೀ ಸಿಳ್ಳೆ ಹಾಕುತ್ತಿತ್ತು. ಲುಚಿಲ್ಲ ತನ್ನ ಕರವಸ್ತ್ರ ತೆಗೆದು ಅವನ ಕೈಗಿಟ್ಟಳು. ಅಷ್ಟು ಬೆಳಕಿನಲ್ಲಿ, ಎಲ್ಲರೆದುರೇ, ಎವಾರಿಸ್ತೊ ಕಣ್ಣೊರೆಸಿಕೊಂಡ.