ಅಣ್ಣನ ಮುಂದೆ ತೊಡುವ ಕೋಟು

ಕನ್ನಡಕದಂಗಡಿಯವನು ಹೊಲಿಗೆ ಅಂಗಡಿಯ ಬಾಗಿಲಲ್ಲೇ ನಿಂತದ್ದನ್ನು ನೋಡಿ ಅವಳಿಗೆ ನಗು ಬಂತು. ಹೊಲಿಗೆ ಯಂತ್ರ ನಿಲ್ಲಿಸಿ, "ಏನ್ ಸಾಹೇಬ್ರೇ, ಒಳಗೆ ಬರೋಕೆ ಆಮಂತ್ರಣ ಪತ್ರಿಕೆ ಕೊಡ್ಬೇಕಾ?" ಎಂದಳು.

ಮದುವೆಯ ಮಾತಿಗೆ ಅವಳ ಅಣ್ಣನ ಮುಂದೆ ಹೋಗುವಾಗ ತೊಡಲೆಂದು ಅವನು ಕೋಟು ಹೊಲಿಯಲು ಹಾಕಿದ್ದ. ತಿಂಗಳ ಹಿಂದೆ ಅಳತೆ ತೆಗೆಯುವಾಗ ಅವಳು ಬೇಕೆಂದೇ ಮೂರು ಸಲ ಅವನ ಎದೆಗೆ ಟೇಪು ಸುತ್ತಿದ್ದಳು. ಅವನು ಓರೆಗಣ್ಣಲ್ಲಿ ನೋಡಿ, "ಅಷ್ಟರಲ್ಲೇ ದಪ್ಪ ಆದ್ನಾ?" ಎಂದಿದ್ದ. ಆ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಮೈಮರೆತರು. ಕಾಂಡೋಮ್ ಇರಲಿಲ್ಲ. ಹೇಗೂ ಮದುವೆಯಾಗುವವರಲ್ಲವೇ ಎಂದುಕೊಂಡಿದ್ದರು.

ಇವತ್ತು ಅವನು ಹೊಸ್ತಿಲು ದಾಟಲಿಲ್ಲ.

"ಹಳೇ ಗೆಳತಿ ಫೋನ್ ಮಾಡಿದ್ಲು. ಅವಳಿಗೆ ಎಚ್‌ಐವಿ ಅಂತೆ." ಕನ್ನಡಕ ತೆಗೆದು ಒರೆಸಿದ. "ಟೆಸ್ಟ್ ಮಾಡಿಸ್ದೆ. ನನಗೂ ಇದೆ. ನೀನೂ ಮಾಡಿಸ್ಕೋಬೇಕು."

ದಿನವಿಡೀ ಸೂಜಿ ಹಿಡಿಯುವವಳು ಲ್ಯಾಬಿನಲ್ಲಿ ಸೂಜಿ ಕಂಡು ಮುಖ ತಿರುಗಿಸಿಕೊಂಡಳು. ರಿಪೋರ್ಟ್ ನೆಗೆಟಿವ್ ಬಂತು.

"ಇಷ್ಟಕ್ಕೇ ನಿರಾಳ ಆಗಂಗಿಲ್ಲಮ್ಮ," ಎಂದರು ಡಾಕ್ಟರಮ್ಮ. "ಇದ್ರೂ ಈಗ್ಲೇ ಕಾಣ್ದೆ ಇರಬಹುದು. ಚೀಟೀಲಿ ಬರೆದಿರೋ ತಾರೀಖಿಗೆ ಮತ್ತೆ ಬನ್ನಿ. ಮುಟ್ಟಿದ್ರೆಲ್ಲ ಬರಲ್ಲ. ಎಚ್‌ಐವಿ ಇರೋರೂ ಮಾತ್ರೆ ತಗೊಂಡ್ರೆ ಎಲ್ಲರ ಹಾಗೇ ಬದುಕ್ತಾರೆ."

ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅಣ್ಣನ ಮಗಳು "ಅತ್ತೇ" ಎಂದು ಓಡಿಬಂದರೆ ಹಿಂದೆ ಸರಿದಳು. "ನಿನ್ನ ಕನ್ನಡಕದವನು ಯಾವಾಗಮ್ಮ ಬರೋದು?" ಎಂದು ಅಣ್ಣ ಕೇಳಿದಾಗ, "ಕೋಟು ಇನ್ನೂ ಆಗಿಲ್ಲ," ಎಂದಳು. ಮರುದಿನ ಅದೇ ಕೋಟಿನ ಒಳಬಟ್ಟೆಗೆ ಸೂಜಿ ಚುಚ್ಚಿದ ಬೆರಳಿನಿಂದ ಒಂದು ಹನಿ ರಕ್ತ ಬಿತ್ತು. ಅಷ್ಟು ಬಟ್ಟೆ ಕತ್ತರಿಸಿ ಎಸೆದು, ಕತ್ತರಿಯನ್ನು ಮೂರು ಸಲ ತೊಳೆದು, ನೆಲಕ್ಕೆ ಕುಸಿದು ಅತ್ತಳು. ಬದುಕೇ ಬೇಡವೆನಿಸಿತು.

ಕೊನೆಗೆ ಅವಳೇ ಅವನನ್ನು ಕೋಟಿನ ಟ್ರಯಲ್‌ಗೆ ಕರೆದಳು. ಕೋಟು ಭುಜದಿಂದ ಜೋತುಬಿತ್ತು. ಟೇಪು ಹಿಡಿದು ಹತ್ತಿರ ಹೋದರೆ ಅವನು ಗೋಡೆಗೆ ಆತುಕೊಂಡ.

"ಮುಟ್ಬೇಡ."

"ಮುಟ್ಟಿದ್ರೆ ಬರಲ್ವಂತೆ."

"ಗೊತ್ತು. ಆದ್ರೂ ಬೇಡ."

ಅವಳು ಕೇಳಲಿಲ್ಲ. ಅಳತೆ ನೋಡಿದಳು. "ಎರಡು ಇಂಚು ಇಳಿದಿದೀಯ."

"ಈ ಕೋಟು ಬೇರೆ ಯಾರಿಗಾದ್ರೂ ಕೊಟ್ಬಿಡು."

"ನಿನ್ನ ಅಳತೆಗೆ ಕತ್ತರಿಸಿದ್ದನ್ನ ಯಾರಿಗೆ ಕೊಡ್ಲಿ? ನಿನ್ನ ಮೇಲೆ ಕೊಂದುಬಿಡೋಷ್ಟು ಸಿಟ್ಟಿದೆ ಕಣೋ. ನೀನಿಲ್ದೆ ಇರೋಕೂ ಆಗ್ತಿಲ್ಲ."

"ನಿನಗೇನಾದ್ರೂ ಆಗಿದ್ರೆ ನಾನು ಯಾವ ಮುಖ ಇಟ್ಕೊಂಡು ಬರ್ಲಿ?" ಕೋಟು ಕಳಚಿ ಮೇಜಿನ ಮೇಲಿಟ್ಟು ಹೊರಟುಹೋದ.

ಬಹಳ ಹೊತ್ತಿನ ಮೇಲೆ ಅವಳು ರಸೀದಿ ಪುಸ್ತಕ ತೆಗೆದಳು. ಕೋಟಿನ ಚೀಟಿಯಲ್ಲಿ ಡೆಲಿವರಿ ದಿನ ಇನ್ನೂ ಖಾಲಿಯಿತ್ತು. ಅಲ್ಲಿ ತನ್ನ ಎರಡನೇ ಟೆಸ್ಟಿನ ತಾರೀಖು ಬರೆದು, ಎರಡೂ ಬದಿಯ ಹೊಲಿಗೆ ಬಿಚ್ಚತೊಡಗಿದಳು, ಒಂದೊಂದು ಇಂಚು ಒಳಗೆ ಹಿಡಿಯಲು.