ದಾರಿಗೆ ಬರೆದ ನಿಂಬೆಹೋಳು

ಬಹಳ ಬಹಳ ಹಿಂದೆ ಕೆಂಪುಗಿರಿ ಎಂಬ ರಾಜ್ಯದಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಹೆದ್ದಾರಿಯಿಂದ ಕವಲೊಡೆದ ತಂಪಾದ ಹಸಿರು ದಾರಿಯೊಂದು ಅವನ ಕಣಿವೆಗೆ ಹೋಗುತ್ತಿತ್ತು. ಆ ದಾರಿ ಹಿಡಿದವರೆಲ್ಲ ಕಲ್ಲಾಗುತ್ತಿದ್ದರು. ಗಾಡಿ ಹೊಡೆಯುವ ಮಾರಗೊಂಡನೂ ಎತ್ತುಗಳ ಸಮೇತ ಕಲ್ಲಾದ.

ಅವನ ತಂಗಿ ನೀಲಾಂಜಿ ಸುಮ್ಮನೆ ಅಳುತ್ತಾ ಕೂರುವವಳಲ್ಲ. ಕಣಿವೆಯ ಬಾಯಿಗೇ ಬಂದು, “ನಮ್ಮಣ್ಣನ್ನ ಬಿಡು” ಎಂದಳು.

ಮಾಂತ್ರಿಕ ನಕ್ಕ. “ನಾನೇನು ಕೈಹಿಡಿದು ಕರೆದೆನಾ? ಅವರೇ ಬರ್ತಾರೆ. ಮೂರು ದಿನ ಕೊಡ್ತೀನಿ, ಇಲ್ಲಿ ಏನಾದರೂ ಚಿತ್ರ ಬರಿ. ಒಂದು ದಿನ ಹೊತ್ತು ಮುಳುಗೋವರೆಗೆ ಯಾರೂ ಒಳಗೆ ಬರದಿದ್ದರೆ ಎಲ್ಲರೂ ಬದುಕ್ತಾರೆ. ಮೂರು ದಿನವೂ ಬಂದರೆ ನೀನೂ ಕಲ್ಲು. ಬಾಯಿ ಮಾತ್ರ ಬಿಡಬಾರದು.”

ಮೊದಲ ದಿನ ನೀಲಾಂಜಿ ಪಡುವಣ ದೇಶದ ದಾರಿಗಳಲ್ಲಿರುವಂತೆ ಎತ್ತಿದ ಅಂಗೈ ಬರೆದಳು. ಅಲ್ಲಿ ಅದಕ್ಕೆ ‘ನಿಲ್ಲು’ ಎಂದರ್ಥ. ನಮ್ಮವರಿಗೋ ಅದು ದೇವರ ಅಭಯಹಸ್ತ! ಒಬ್ಬ ಮುದುಕಿ, “ಹೆದರಬೇಡ ಅಂತೀಯಲ್ಲ, ನನ್ನಪ್ಪಾ!” ಎಂದು ಕೆನ್ನೆ ಬಡಿದುಕೊಂಡು ಒಳಗೆ ನಡೆದಳು. ಕಲ್ಲಾದಳು.

ಎರಡನೆಯ ದಿನ ಅದನ್ನು ಅಳಿಸಿ, ಹೆಡೆಯೆತ್ತಿದ ಹಾವು ಬರೆದಳು. ಅಕ್ಕತಂಗಿಯರಿಬ್ಬರು ಬಂದು ಅದಕ್ಕೆ ಹಾಲೆರೆದು, “ನಾಗಪ್ಪನ ಗುಡಿ ಒಳಗಿರಬೇಕು ಕಣೇ” ಎನ್ನುತ್ತಾ ಹೋದರು. ಅವರೂ ಕಲ್ಲಾದರು.

ಸಂಜೆ ನೀಲಾಂಜಿ ಕಣ್ಣೀರು ಒರೆಸಿಕೊಳ್ಳುತ್ತಾ ಮನೆಗೆ ಹೊರಟಳು. ಮೂರುದಾರಿ ಕೂಡುವಲ್ಲಿ ಯಾರೋ ದೃಷ್ಟಿ ತೆಗೆದು ಎಸೆದ, ಕುಂಕುಮ ಮೆತ್ತಿದ ನಿಂಬೆಹೋಳುಗಳು ಬಿದ್ದಿದ್ದವು. ತನಗೇ ತಿಳಿಯದೆ ಅವಳು ನಿರಿಗೆ ಎತ್ತಿಕೊಂಡು ಅವನ್ನು ದಾಟದೆ ಬಳಸಿ ಹೋದಳು. ನಾಲ್ಕು ಹೆಜ್ಜೆ ನಡೆದವಳು ಹಿಂತಿರುಗಿ ನೋಡಿ ನಕ್ಕಳು.

ಮೂರನೆಯ ದಿನ ಹಾವನ್ನು ಅಳಿಸಿ, ಕಣಿವೆಯ ಬಾಯಲ್ಲಿ, ದಾರಿಯ ಅಡ್ಡಕ್ಕೂ ಕುಂಕುಮ ಮೆತ್ತಿದ ನಿಂಬೆಹೋಳುಗಳನ್ನು ಬರೆದಳು. ಬಂದವರೆಲ್ಲ ಗಕ್ಕನೆ ನಿಂತರು. “ಥೂ, ಯಾರೋ ಮಾಡಿಸಿ ಹಾಕಿದ್ದಾರೆ. ದಾಟಬೇಡ್ರೋ!” ಎಂದು ತಿರುಗಿ ಹೋದರು.

ಹೊತ್ತು ಮುಳುಗುವ ಹೊತ್ತಿಗೆ ಪಡುವಣ ದೇಶದ ವರ್ತಕನೊಬ್ಬ ಬಂದ. ನಿಂಬೆಹಣ್ಣು ನೋಡಿ ಅವನ ಬಾಯಲ್ಲಿ ನೀರೂರಿತು! ನೇರ ಒಳಗೆ ಹೊರಟ. ನೀಲಾಂಜಿ ಬಣ್ಣದಲ್ಲಿ ಕೈ ಅದ್ದಿ, ಅವನ ಎದುರಿನ ಬಂಡೆಗೆ ಅಂಗೈ ಒತ್ತಿದಳು. ವರ್ತಕ ನಿಂತೇ ಬಿಟ್ಟ. ಸೂರ್ಯ ಮುಳುಗಿದ.

ಕಲ್ಲುಗಳೆಲ್ಲ ಮೈಮುರಿದು ಎದ್ದವು. ಸೋತ ಮಾಟ ತನ್ನ ಮೇಲೇ ತಿರುಗುತ್ತದೆಂದು ಓಡಿಹೋಗಲು ಬಂದ ಮಾಂತ್ರಿಕ ನಿಂಬೆಹೋಳು ಕಂಡು ಎತ್ತಿದ ಕಾಲನ್ನು ಹಿಂದೆ ತೆಗೆದ. ಎಷ್ಟಾದರೂ ಅವನೂ ಕೆಂಪುಗಿರಿಯಲ್ಲೇ ಹುಟ್ಟಿದವನು! ಹಾಗೇ ನಿಂತಲ್ಲೇ ಅವನೂ ಕಲ್ಲಾದ.

ರಾಜ ಆ ಎರಡು ಗುರುತುಗಳನ್ನೂ ಅಕ್ಕಪಕ್ಕದಲ್ಲಿ ಉಳಿಸಿದ, ನಮ್ಮವರಿಗೊಂದು, ಹೊರಗಿನಿಂದ ಬಂದವರಿಗೊಂದು. ಆಮೇಲೆ ಎಲ್ಲರೂ ಸುಖವಾಗಿದ್ದರು. ಮಾರಗೊಂಡ ಮಾತ್ರ ಎಷ್ಟೇ ಅವಸರವಿದ್ದರೂ ಅಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗುತ್ತಿರಲಿಲ್ಲ.

“ನೋಡ್ರಪ್ಪಾ,” ಎಂದು ಕೂಗುತ್ತಿದ್ದ, “ಇದು ನನ್ನ ತಂಗಿ ಬರೆದದ್ದು!”